ಕೆ1000 ಕೈಗೆ ಬಂತು, ಮುಂದೆ 28 ತಗೊಳ್ಳಲೋ 135 ತಗೊಳ್ಳಲೋ?

ಹುಬ್ಬಳ್ಳಿಯಿಂದ ಪ್ರಶ್ನೆ:
ಸೋದರಮಾವ ಸ್ಟುಡಿಯೋ ಮುಚ್ಚಿದರು. ಅವರ ಪೆಂಟಾಕ್ಸ್ ಕೆ1000 ರೀಲು ಕ್ಯಾಮೆರಾ ನನಗೆ ಕೊಟ್ಟಿದ್ದಾರೆ, 50 ಎಂಎಂ ಎಫ್/2 ಲೆನ್ಸ್ ಸಮೇತ. ಡಿಜಿಟಲ್ ಗೊತ್ತು, ರೀಲು ಹೊಸದು. ಲಕ್ಕುಂಡಿ ಗುಡಿಗಳು, ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ತೆಗೆಯುವ ಆಸೆ. ಇನ್ನೊಂದು ಹಳೇ ಲೆನ್ಸಿಗೆ ಆಗುವಷ್ಟು ದುಡ್ಡಿದೆ. ಅಗಲ ನೋಟದ 28 ಎಂಎಂ ತಗೊಳ್ಳಲೋ, ದೂರದ್ದನ್ನು ಹತ್ತಿರ ತರುವ 135 ಎಂಎಂ ತಗೊಳ್ಳಲೋ? ಅನುಭವ ಇದ್ದವರು ಹೇಳಿ.

ಧಾರವಾಡದಿಂದ:
ಲೆನ್ಸ್ ಆಮೇಲೆ ನೋಡೋಣ ರೀ. ಮೊದಲು ರೀಲು ಹಾಕದೆ, ಲೆನ್ಸ್ ಬಿಚ್ಚಿ, ಹಿಂದಿನ ಬಾಗಿಲು ತೆಗೆದು, ಆಕಾಶದ ಕಡೆ ಹಿಡಿದು, ಶಟರ್ (ರೀಲಿಗೆ ಬೆಳಕು ಬಿಡುವ ಪರದೆ) 1/1000 ಸೆಕೆಂಡಿಗೆ ಇಟ್ಟು ಒತ್ತಿ. ಬೆಳಕು ಈ ತುದಿಯಿಂದ ಆ ತುದಿವರೆಗೆ ಕಾಣಬೇಕು. ಒಂದು ಬದಿ ಕಪ್ಪಾದರೆ ಶಟರ್ ಸರ್ವಿಸ್ ಕೇಳುತ್ತಿದೆ. ಬಾಗಿಲ ಅಂಚಿನ ಫೋಮ್ ಅಂಟಂಟಾಗಿದ್ದರೆ ಬದಲಿಸಿ, ಇಲ್ಲಾಂದ್ರೆ ಬೆಳಕು ಸೋರುತ್ತದೆ. ಶಟರ್‌ಗೆ ಸೆಲ್ ಬೇಡ, ಬೆಳಕು ಅಳೆಯುವ ಮೀಟರ್‌ಗೆ ಮಾತ್ರ ಎಲ್‌ಆರ್44 ಒಂದು ಬೇಕು. ಈ ಕ್ಯಾಮೆರಾಕ್ಕೆ ಆಫ್ ಸ್ವಿಚ್ಚೇ ಇಲ್ಲ! ಲೆನ್ಸಿಗೆ ಮುಚ್ಚಳ ಹಾಕಿದರೆ ಮೀಟರ್ ಸುಮ್ಮನಾಗುತ್ತದೆ. ಮರೆತರೆ ಸೆಲ್ ಖಾಲಿ.

ಇನ್ನು ಫಂಗಸ್, ಅಂದ್ರೆ ಲೆನ್ಸಿನೊಳಗೆ ಬೆಳೆಯುವ ಬೂಸ್ಟು. ನಮ್ಮೂರ ಮಳೆಗಾಲ ಗೊತ್ತಲ್ಲ, ಒಗೆದ ಬಟ್ಟೆಯೇ ಒಣಗುವುದಿಲ್ಲ. ಹಳೇ ಚರ್ಮದ ಕೇಸ್ ನೋಡಲು ಚೆಂದ, ಆದರೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಕೊಳ್ಳುವ ಲೆನ್ಸನ್ನು ಅಪರ್ಚರ್ (ಬೆಳಕು ಬರುವ ಕಂಡಿ) ಪೂರ್ತಿ ತೆರೆದು, ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ನಾಲ್ಕು ಕಣ ಧೂಳಿದ್ದರೆ ಚಿಂತೆ ಬೇಡ. ಜೇಡರ ಬಲೆಯಂಥ ಎಳೆ ಕಂಡರೆ ಎಷ್ಟೇ ಅಗ್ಗವಾದರೂ ವಾಪಸ್ ಕೊಟ್ಟುಬಿಡಿ.

ಗದಗದಿಂದ:
ಲಕ್ಕುಂಡಿಗಾದರೆ ಕಣ್ಣು ಮುಚ್ಚಿ 28 ತಗೊಳ್ಳಿ. ಕಾಶಿವಿಶ್ವೇಶ್ವರ ಗುಡಿಯೊಳಗೆ ಹಿಂದೆ ಸರಿಯಲು ಜಾಗ ಕಡಿಮೆ, ಬೆಳಕೂ ಕಡಿಮೆ. 28 ಇದ್ದರೆ 1/30ಕ್ಕೂ ಕೈಯಲ್ಲೇ ಹಿಡಿದು, ಚಿತ್ರ ಅಲುಗದೆ ತೆಗೆಯಬಹುದು. 135ಕ್ಕೆ 1/125 ಆದರೂ ಬೇಕು. ಹೊರಗೆ ಮಾತ್ರ ಶಿಖರಕ್ಕೆ ಅಂತ ಕ್ಯಾಮೆರಾ ಮೇಲೆತ್ತಬೇಡಿ, ಗುಡಿ ಹಿಂದಕ್ಕೆ ವಾಲಿದ ಹಾಗೆ ಬರುತ್ತದೆ. ದೂರ ನಿಂತು ನೇರ ಹಿಡಿಯಿರಿ. ಬಾಗಿಲುವಾಡದ ಕೆತ್ತನೆಗೆ ನಿಮ್ಮ 50 ಸಾಕು.

ಕೆ1000 ಮೀಟರ್ ಇಡೀ ಚೌಕಟ್ಟಿನ ಬೆಳಕಿನ ಸರಾಸರಿ ಹಿಡಿಯುತ್ತದೆ. ಆಕಾಶ ಜಾಸ್ತಿ ಬಂದರೆ ಆ ಕಪ್ಪು ಕಲ್ಲಿನಲ್ಲಿ ಕೆತ್ತನೆಯೇ ಕಾಣುವುದಿಲ್ಲ. ಕಲ್ಲಿನ ಕಡೆ ಬಗ್ಗಿಸಿ ಮೀಟರ್ ನೋಡಿ, ಅದೇ ಲೆಕ್ಕದಲ್ಲಿ ಪೂರ್ತಿ ಗುಡಿ ತೆಗೆಯಿರಿ. ನೆಗೆಟಿವ್ ರೀಲು ಬೆಳಕು ಸ್ವಲ್ಪ ಜಾಸ್ತಿಯಾದರೆ ತಡೆದುಕೊಳ್ಳುತ್ತದೆ, ಕಡಿಮೆಯಾದರೆ ಇಲ್ಲ.

ಹಾವೇರಿಯಿಂದ:
ಗದಗಿನ ಅಣ್ಣಾವ್ರ ಮಾತು ನಾನು ಒಪ್ಪುವುದಿಲ್ಲ. 28ರ ನೋಟ ಹೆಚ್ಚುಕಮ್ಮಿ ಮೊಬೈಲಿನದೇ. ರೀಲಿಗೆ ಇಷ್ಟು ದುಡ್ಡು ಸುರಿದು ಮತ್ತೆ ಅದೇ ಯಾಕೆ? ಬ್ಯಾಡಗಿಯಲ್ಲಿ 135 ಎಫ್/3.5 ಹಾಕಿ ದೂರ ನಿಲ್ಲಿ. ರಾಶಿಗಳು, ಚೀಲ ಹೊತ್ತ ಹಮಾಲರು, ಎಲ್ಲ ಒತ್ತೊತ್ತಾಗಿ ಬರುತ್ತದೆ. ಅಲ್ಲಿ ಲೆನ್ಸ್ ಬದಲಿಸಲು ಹೋಗಬೇಡಿ, ಖಾರದ ಧೂಳು ಒಳಗೆ ಸೇರುತ್ತದೆ (ಸೀನು ಬಿಡಿ, ಅದು ಹೇಗೂ ಬರುತ್ತದೆ). ಕಪ್ಪು-ಬಿಳುಪಿನಲ್ಲಿ ಆ ಕೆಂಪು ಬರೀ ಬೂದು ಬಣ್ಣ. ಕಿತ್ತಳೆ ಫಿಲ್ಟರ್ ಹಾಕಿದರೆ ರಾಶಿ ತಿಳಿಯಾಗಿ ಎದ್ದು ಕಾಣುತ್ತದೆ. ಪೆಂಟಾಕ್ಸ್-ಎಂ ಸರಣಿಯ 50 ಎಫ್/2, 28 ಎಫ್/2.8, 135 ಎಫ್/3.5 ಮೂರಕ್ಕೂ 49 ಎಂಎಂ ಫಿಲ್ಟರ್ರೇ ಕೂರುತ್ತದೆ.

ಹುಬ್ಬಳ್ಳಿಯಿಂದ:
ಮಾವನ ಪೆಟ್ಟಿಗೆಯಲ್ಲಿ ಝೆನಿಟ್ ಕ್ಯಾಮೆರಾದ ಹೀಲಿಯಸ್ 58 ಕೂಡ ಇದೆ. ಇದಕ್ಕೆ ಕೂರುತ್ತದಾ?

ಧಾರವಾಡದಿಂದ:
ಕೂರುತ್ತದೆ. ಅದು ತಿರುಪಿನ ಎಂ42 ಮೌಂಟ್ (ಲೆನ್ಸ್ ಕೂರುವ ಬಾಯಿ), ನಿಮ್ಮ ಕ್ಯಾಮೆರಾದ ಕೆ ಮೌಂಟ್‌ಗೆ ಅಡಾಪ್ಟರ್ ಸಿಗುತ್ತದೆ. ದೂರದ ಫೋಕಸ್‌ಗೂ ತೊಂದರೆಯಿಲ್ಲ. ಅಪರ್ಚರ್ ಕೈಯಿಂದಲೇ ಮುಚ್ಚಿ ಮೀಟರ್ ನೋಡಬೇಕು, ಅಷ್ಟೇ. ಹಾಗಿದ್ದರೆ 28ಊ ಬೇಡ, 135ಊ ಬೇಡ. ಆ ದುಡ್ಡಿಗೆ ಸದ್ಯಕ್ಕೆ ರೀಲು ತಗೊಳ್ಳಿ. ಕಪ್ಪು-ಬಿಳುಪಿನ ಇಲ್ಫರ್ಡ್ ಎಚ್‌ಪಿ5 ಆದರೆ ಮನೆಯಲ್ಲೇ ತೊಳೆಯಬಹುದು. ಡಿ-76 ಡೆವಲಪರ್ ದ್ರಾವಣಕ್ಕೆ ಸಮಪಾಲು ನೀರು ಬೆರೆಸಿ, 20 ಡಿಗ್ರಿಯಲ್ಲಿ 11 ನಿಮಿಷ. ಏಪ್ರಿಲ್‌ನಲ್ಲಿ ನಮ್ಮ ನಲ್ಲಿಯಲ್ಲಿ 20 ಡಿಗ್ರಿ ನೀರು ಎಲ್ಲಿಂದ ಬರಬೇಕು? ಬಾಟಲಿಗಳನ್ನು ಐಸ್ ಹಾಕಿದ ಬಕೆಟ್ಟಿನಲ್ಲಿ ಇಟ್ಟು ತಣಿಸಿಕೊಳ್ಳಿ.