‘ಹೂ ಬಿಡಿಸು’: ಕೊಯ್ಯುವುದೋ, ಚಿತ್ರ ಮಾಡುವುದೋ?

ಎಲ್ಲರಿಗೂ ನಮಸ್ಕಾರ.

ಒಂದು ಕ್ರಿಯಾಪದ ಬೇಕಾಗಿದೆ. ಗಿಡದಲ್ಲೇ ಇರುವ ಹೂವಿನ ಎದುರು ಕೂತು, ಅದನ್ನು ಕೊಯ್ಯದೆ, ನೋಡುತ್ತಾ ಚಿತ್ರ ಮಾಡುವುದಕ್ಕೆ ಕನ್ನಡದಲ್ಲಿ ಏನನ್ನೋಣ? ಕಾಸರಗೋಡಿನ ಬದಿಯಡ್ಕದ ಕಡೆಯ ಕನ್ನಡ ಶಾಲೆಯ ಮಕ್ಕಳಿಗೆ ಈ ಮಳೆಗಾಲದಲ್ಲಿ ಇದನ್ನು ಕಲಿಸುತ್ತಿದ್ದೇನೆ. ಅವರಿಗೆಂದು ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಸರಿಯಾದ ಹೆಸರು ಸಿಗದೆ ಕೆಲಸ ನಿಂತಿದೆ.

‘ಹೂ ಬಿಡಿಸುವುದು’ ಅಂದರೆ ಕಾಸರಗೋಡಿನಲ್ಲಿ ತೊಂದರೆ ಇಲ್ಲ. ನಾವು ಹೂ ಕೊಯ್ಯುತ್ತೇವೆ, ಚಿತ್ರ ಬಿಡಿಸುತ್ತೇವೆ. ಹವ್ಯಕದಲ್ಲಿ ‘ಕೊಯ್ವದು’, ತುಳುವಿನಲ್ಲಿ ‘ಕೊಯ್ಪುನಿ’. ಆದರೆ ಮೈಸೂರು ಕಡೆ ಮಲ್ಲಿಗೆ ಬಿಡಿಸುವುದು ಎಂದರೆ ಕೀಳುವುದೇ. ಉತ್ತರ ಕರ್ನಾಟಕದಲ್ಲಿ ಹತ್ತಿ ಬಿಡಿಸುತ್ತಾರೆ. ‘ಗಿಡದ ಹೂ ಬಿಡಿಸಿ’ ಎಂದು ಬರೆದರೆ ಅಲ್ಲಿನ ಮಗು ನೇರ ಹೋಗಿ ಕಿತ್ತೇ ಬಿಡುತ್ತದೆ, ಅಲ್ವಾ? ಕೊಯ್ಯಬಾರದು ಎನ್ನುವುದೇ ಈ ಪಾಠದ ಜೀವ.

ಯಾಕೆ ಕೊಯ್ಯಬಾರದು ಎನ್ನುವುದಕ್ಕೆ ಗೌರಿ ಹೂವನ್ನೇ ನೋಡಿ. ಅಗ್ನಿಶಿಖೆ ಅಂತಲೂ ಹೇಳುತ್ತಾರೆ, ಮಲಯಾಳದಲ್ಲಿ ಮೇಂತೋನ್ನಿ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ನಮ್ಮ ಬೇಲಿಗಳಲ್ಲಿ ಕಾಣುತ್ತದೆ. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಕಡ್ಡಿಯನ್ನು ಸುತ್ತಿಕೊಳ್ಳುತ್ತದೆ, ಬಳ್ಳಿ ಹಾಗೇ ಮೇಲೇರುತ್ತದೆ. ಹೂವಿನ ಮುಖ ಕೆಳಗೆ, ಆರು ಎಸಳುಗಳು ಮಾತ್ರ ಹಿಂದಕ್ಕೆ ಬಾಗಿ ಮೇಲ್ಮುಖವಾಗಿ ನಿಲ್ಲುತ್ತವೆ. ಆರು ಕೇಸರಗಳು ಸುತ್ತಲೂ ಚಾಚಿರುತ್ತವೆ. ನಡುವಿನ ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗದ ಕಡ್ಡಿ, ಬುಡದಲ್ಲೇ ಪಕ್ಕಕ್ಕೆ ತಿರುಗುತ್ತದೆ. ಅರಳುವಾಗ ಹಸಿರು ಬೆರೆತ ಹಳದಿ, ದಿನ ಕಳೆದಂತೆ ಕಿತ್ತಳೆ, ಕೊನೆಗೆ ಕಡುಕೆಂಪು. ಕೆಳಗಿನ ಹೂ ಕೆಂಪಾಗಿರುವಾಗ ಮೇಲಿನದು ಇನ್ನೂ ಹಳದಿ. ಕೊಯ್ದು ಮೇಜಿನ ಮೇಲಿಟ್ಟರೆ ಮುಖ ಎತ್ತ ಇತ್ತು, ಸುರುಳಿ ಏನನ್ನು ಹಿಡಿದಿತ್ತು, ಯಾವುದೂ ತಿಳಿಯುವುದಿಲ್ಲ. ಜೊತೆಗೆ ಇದು ವಿಷದ ಗಿಡ. ಗಡ್ಡೆಯಲ್ಲೂ ಬೀಜದಲ್ಲೂ ಕಾಲ್ಚಿಸಿನ್ ಎಂಬ ವಿಷ ಇದೆ. ಮಕ್ಕಳು ಮುಟ್ಟದೆ ನೋಡುವುದೇ ಒಳ್ಳೆಯದು.

ಚಿತ್ರ ಬರೆಯುವಾಗ ಹೂವು ಮೊದಲು, ಎಲೆ ಆಮೇಲೆ. ಎಲೆ ನಾಳೆಯೂ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಹೂ ಇರುವುದಿಲ್ಲ. ಬಣ್ಣ ಬೆರೆಸಿ ಕಾಗದದ ಚೂರಿಗೆ ಹಚ್ಚಿ, ಎಸಳಿನ ಪಕ್ಕ ಹಿಡಿದು ನೋಡಬೇಕು. ನೀರುಬಣ್ಣದಲ್ಲಿ ಕಾಗದವೇ ಬಿಳಿ. ಹಾಗಾಗಿ ತಿಳಿ ಹಳದಿ ಮೊದಲು, ಅದು ಒಣಗಿದ ಮೇಲೆ ಕೆಂಪು. ಆಟಿಯ ಥಂಡಿಗೆ ಒಣಗಲು ಜಾಸ್ತಿ ಹೊತ್ತು ಬೇಕು.

ಇನ್ನು ‘ನೋಡಿ ಬರೆಯುವುದು’. ಕೇಳಲು ಎಷ್ಟು ಸರಳ! ಆದರೆ ಶಾಲೆಯಲ್ಲಿ ಇದರ ಅರ್ಥ ಪಕ್ಕದವರದ್ದನ್ನು ಕಾಪಿ ಮಾಡುವುದು. ಮಕ್ಕಳು ಫೋನಿನ ಫೋಟೊ ನೋಡಿ ಬರೆದುಕೊಂಡು ಬಂದರೆ ಅದೂ ‘ನೋಡಿ ಬರೆದದ್ದೇ’. ‘ಸಜೀವ ಚಿತ್ರ’ವೂ ಆಗದು. ಅದು ಚಿತ್ರ ಎಷ್ಟು ಚೆನ್ನಾಗಿ ಬಂದಿದೆ ಎನ್ನುವ ಹೊಗಳಿಕೆ.

ಆದರೂ ‘ಬರೆ’ಯನ್ನು ಬಿಡಲು ನನಗೆ ಮನಸ್ಸಿಲ್ಲ. ಗೆರೆ ಎಳೆಯುವುದು ಅದರ ಹಳೆಯ ಅರ್ಥ. ಮಲಯಾಳದ ‘ವರ’ ಇದರದ್ದೇ ನಂಟು. ಅಲ್ಲಿ ಚಿತ್ರಕ್ಕೆ ‘ವರಯ್ಕುಕ’, ಅಕ್ಷರಕ್ಕೆ ‘ಎಳುದುಕ’. ಹಾಗಿದ್ದೂ ಉತ್ತರ ಕೇರಳದ ದೈವಾರಾಧನೆಯಾದ ತೆಯ್ಯದಲ್ಲಿ ಮುಖಕ್ಕೆ ಬಣ್ಣ ಹಾಕುವುದು ‘ಮುಖತ್ತೆಳುತ್ತ್’. ನಮ್ಮಲ್ಲಿ ಒಂದೇ ‘ಬರೆ’ ಎರಡಕ್ಕೂ ಸಾಕು.

ಗಿಡ ನೋಡಿ ಬರೆದದ್ದಕ್ಕೆಲ್ಲ ಒಂದೇ ಹೆಸರು ಸಾಲದು ಅಂತಲೂ ಅನಿಸುತ್ತದೆ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 12 ಸಂಪುಟಗಳಾಗಿ ಅಚ್ಚಾದ ‘ಹೊರ್ಟುಸ್ ಮಲಬಾರಿಕುಸ್’ ನೆನಪಿಸಿಕೊಳ್ಳಿ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ್ದು. ಹುಡುಕುವವರು ಹಸಿ ಗಿಡ ತರುತ್ತಿದ್ದರು, ಚಿತ್ರಕಾರರು ಕೂತಲ್ಲೇ ಬರೆಯುತ್ತಿದ್ದರು. ಒಣಗಿಸಿ ಅಂಟಿಸಿದ ಮಾದರಿ ನೋಡಿ ಬರೆಯುವುದು ಇನ್ನೊಂದು. ಬೇಲಿಯ ಬುಡದಲ್ಲಿ ಕೂತು ಬರೆಯುವುದು ಇವೆರಡೂ ಅಲ್ಲ.

ಸದ್ಯಕ್ಕೆ ‘ಗಿಡದೆದುರು ಬರೆಯುವುದು’, ‘ಕೊಯ್ದು ಬರೆಯುವುದು’, ‘ಒಣಗಿಸಿ ಬರೆಯುವುದು’ ಎಂದು ಇಟ್ಟುಕೊಂಡಿದ್ದೇನೆ. ಮೊದಲನೆಯದು ನಿಮ್ಮ ಕಿವಿಗೆ ಹಿಡಿಸುತ್ತದೆಯೇ? ಹೊಸೂರು, ಸೊಲ್ಲಾಪುರ, ಅದವಾನಿ ಕಡೆಯವರು ಹೂವಿಗೆ ‘ಬಿಡಿಸು’ ಅನ್ನುತ್ತೀರಾ, ‘ಕೀಳು’ ಅನ್ನುತ್ತೀರಾ, ‘ಹರಿ’ ಅನ್ನುತ್ತೀರಾ? ಮನೆಮಾತಿನಲ್ಲಿ ಹೇಗೆ ಬರುತ್ತದೋ ಹಾಗೇ, ಒಂದು ವಾಕ್ಯದ ಸಮೇತ ಬರೆದು ಕಳಿಸಿ.