ಎಲ್ಲ ಗಿಡಕ್ಕೂ ಎಲ್ ಸೈಜ್

ಯೂನಿವರ್ಸಿಟಿಯ ಸಸ್ಯೋದ್ಯಾನ ನೋಡಲು ಹೋಗಿದ್ದೆವು ಅಂದರೆ ದಾವಣಗೆರೆಯಲ್ಲಿ ಜನ ಮುಖ ಮುಖ ನೋಡುತ್ತಾರೆ. ನೋಡೋದೇ ಆದರೆ ಕುಂದವಾಡ ಕೆರೆ ಹತ್ತಿರ ಗಾಜಿನ ಮನೆ ಇದೆ, ಫೋಟೊನಾದರೂ ಚೆನ್ನಾಗಿ ಬರುತ್ತವೆ. ಇದೇನು, ಪೂರ್ತಿ ಸುತ್ತಿದರೂ ಕಾಲು ನೋಯದಷ್ಟು ಚಿಕ್ಕ ತೋಟ! ರುದ್ರೇಶಿಯ ತಕರಾರೂ ಇದೇ. ಮೆಣಸಿನಕಾಯಿ ಅಂಗಡಿಯ ಬೆಂಚಿನ ಮೇಲೆ ಕೂತ ಕೂಡಲೇ ಶುರು ಮಾಡಿದ.

"ಅಕ್ಕಾ, ಬೇವು, ಹುಣಸೆ ನೋಡೋಕೆ ಅಷ್ಟು ದೂರ ಯಾಕೆ ಹೋಗಬೇಕಿತ್ತು? ನಮ್ಮ ಓಣಿಯಲ್ಲೇ ಇವೆಯಲ್ಲ?"

"ಓಣಿಯಲ್ಲಿರೋ ಮರಕ್ಕೆ ಬೋರ್ಡ್ ಇದೆಯೇನೋ?" ಅಂದರು ಗಿರಿಜಕ್ಕ. ಕಾಲೇಜಿನಲ್ಲಿ ಬಾಟನಿ ಪಾಠ ಹೇಳಿ ರಿಟೈರ್ ಆದವರು. ನಮ್ಮನ್ನು ಎಳೆದುಕೊಂಡು ಹೋದವರೂ ಅವರೇ.

ಬೋರ್ಡಿನ ಮಾತು ಬಂದದ್ದೇ ತಡ, ರುದ್ರೇಶಿ ನೆಟ್ಟಗೆ ಕೂತ. ಅವನದು ರೆಡಿಮೇಡ್ ಬಟ್ಟೆ ಅಂಗಡಿ. "ಅದನ್ನೇ ಕೇಳಬೇಕಂತಿದ್ದೆ. ಮಾವಿನ ಬೋರ್ಡಿನ ಕೊನೆಗೆ ಎಲ್ ಅಂತಿದೆ. ತೆಂಗಿಗೂ ಎಲ್. ಹುಣಸೆಗೂ ಎಲ್. ಹೋಗಲಿ, ಅವು ದೊಡ್ಡ ಮರ. ಮೊಣಕಾಲುದ್ದದ ತುಳಸಿಗೂ ಎಲ್ ಸೈಜಾ? ಎಸ್, ಎಂ ಸ್ಟಾಕೇ ಇಲ್ವಾ ಅವರ ಹತ್ತಿರ?"

ಗಿರಿಜಕ್ಕನಿಗೆ ನಗು ತಡೆಯಲಾಗಲಿಲ್ಲ. ಮಂಡಕ್ಕಿ ಅರ್ಧ ನೆಲಕ್ಕೆ ಚೆಲ್ಲಿತು. ಆಮೇಲೆ ಹೇಳಿದರು. ಎಲ್ ಅಂದರೆ ಲಿನೇಯಸ್, ಸ್ವೀಡನ್ನಿನವನು. 1753ರಲ್ಲಿ ಒಂದು ದೊಡ್ಡ ಪುಸ್ತಕ ತಂದು, ತನಗೆ ಗೊತ್ತಿದ್ದ ಸಾವಿರಾರು ಗಿಡಗಳಿಗೆ ಎರಡೆರಡು ಪದದ ಹೆಸರು ಕೊಟ್ಟ. ಮೊದಲ ಪದ ಮನೆತನ, ಎರಡನೆಯದು ಆ ಗಿಡದ್ದೇ ಗುರುತು. ಹೆಸರಿಟ್ಟವನ ಸಹಿ ಕೊನೆಗೆ.

"ಅವನು ಈ ಕಡೆ ಬಂದಿದ್ದನಾ?" ಅಂತ ವೀರಣ್ಣ ಕೇಳಿದ.

"ಇಲ್ಲ. ಕೇರಳದ ಗಿಡಗಳ ಬಗ್ಗೆ ಡಚ್ಚರು ಚಿತ್ರ ಸಮೇತ ಪುಸ್ತಕ ಮಾಡಿದ್ದರು. ಅದನ್ನೂ ನೋಡಿಕೊಂಡಿದ್ದ."

"ಮಗು ಮುಖ ನೋಡದೇ ನಾಮಕರಣ! ನನ್ನ ಅಡಿಕೆಗೂ ಅವನದೇ ಸಹಿಯಾ?"

"ಹೂಂ, ಅಡಿಕೆಗೂ ಅವನದೇ."

ವೀರಣ್ಣನಿಗೆ ಚನ್ನಗಿರಿ ಕಡೆ ತೋಟ ಇದೆ. ಪಹಣಿಯಲ್ಲಿ ಬೇರೆಯವರ ಹೆಸರು ಸೇರಿಬಿಟ್ಟಿದೆ ಅನ್ನೋ ಹಾಗೆ ಮುಖ ಮಾಡಿಕೊಂಡ.

"ಬೇವಿನ ಬೋರ್ಡಿನಲ್ಲಿ ಮಾತ್ರ ಎಲ್ ಇರಲಿಲ್ಲ. ಜ್ಯೂಸ್ ಅಂತಿತ್ತು" ಅಂದೆ ನಾನು. "ಶುಗರ್ ಇದ್ದವರಿಗೆ ಅಂತ ಬರೆದಿದ್ದಾರೇನೋ ಅಂದುಕೊಂಡೆ."

"ಕರ್ಮ! ಅದು ಫ್ರಾನ್ಸಿನ ಜೂಸ್ಯೂ ಅನ್ನೋನ ಹೆಸರಿನ ತುಂಡು. ಲಿನೇಯಸ್ ಬೇವನ್ನು ಹೆಬ್ಬೇವಿನ ಮನೆತನಕ್ಕೇ ಸೇರಿಸಿದ್ದ. ಇವನು ಬಂದು ಬೇರೆ ಮನೆ ಮಾಡಿಕೊಟ್ಟ."

"ಪಾಲು ಮಾಡಿದವನೇ ಬೋರ್ಡಿನಲ್ಲಿ ಉಳಿದ ಅನ್ನಿ" ಅಂದ ರುದ್ರೇಶಿ.

ಚಿಕ್ಕ ತೋಟದ ಲಾಭವೇ ಇದು ಅಂತ ನನಗನಿಸುತ್ತದೆ. ಲಾಲ್‌ಬಾಗಿನಲ್ಲಿ ನಡೆದು ನಡೆದು ಸುಸ್ತಾಗಿ ಐಸ್‌ಕ್ರೀಂ ತಿಂದು ಬರುತ್ತೇವೆ. ಇಲ್ಲಿ ಒಂದೊಂದು ಗಿಡದ ಮುಂದೆಯೂ ಜಗಳ ಆಡಲು ಪುರಸೊತ್ತಿರುತ್ತದೆ. ಶ್ರೀಗಂಧದ ಮುಂದೆಯಂತೂ ಜಾಸ್ತಿ ಹೊತ್ತು ನಿಂತೆವು. ಅದು ತನ್ನ ಬೇರನ್ನು ಪಕ್ಕದ ಗಿಡದ ಬೇರಿಗೆ ಅಂಟಿಸಿ ಅಲ್ಲಿಂದ ನೀರು, ಸತ್ವ ಎಳೆದುಕೊಳ್ಳುತ್ತದೆ. ಅದಕ್ಕೇ ಸಸಿ ನೆಡುವವರು ಜೊತೆಗೆ ತೊಗರಿ ಹಾಕುತ್ತಾರೆ. ಇದನ್ನು ಕೇಳಿ ರುದ್ರೇಶಿ, "ನಮ್ಮನೆಯಲ್ಲೂ ಒಬ್ಬ ಭಾಮೈದ ಇದ್ದಾನೆ, ಪರಿಮಳ ಮಾತ್ರ ಇಲ್ಲ" ಅಂದಿದ್ದ.

ವೀರಣ್ಣನ ಕಥೆ ಬೇರೆ. ನಾಗಲಿಂಗದ ಮರ ಕಂಡ ಕೂಡಲೇ ಚಪ್ಪಲಿ ಬಿಟ್ಟು ಕೈ ಮುಗಿದ. ಕಾಂಡದ ಮೇಲೇ ಗೊಂಚಲು ಗೊಂಚಲು ಹೂ, ಹೆಡೆ ಬಿಚ್ಚಿದ ಹಾಗೆ ಎಸಳು. ಗಿರಿಜಕ್ಕ ಸುಮ್ನಿರಲಿಲ್ಲ, ಇದು ದಕ್ಷಿಣ ಅಮೆರಿಕದ ಮರ ಅಂದುಬಿಟ್ಟರು. ವೀರಣ್ಣ ಮುಗಿದ ಕೈ ಇಳಿಸಲಿಲ್ಲ. "ಹಂಗಾದ್ರೆ ಶಿವ ಅಲ್ಲೂ ಇದ್ದಾನೆ ಅಂತಾಯ್ತಲ್ಲ" ಅಂದ. ಇದಕ್ಕೆ ಬಾಟನಿಯಲ್ಲಿ ಉತ್ತರ ಇಲ್ಲ.

ಅಷ್ಟರಲ್ಲಿ ಎರಡನೇ ಪ್ಲೇಟ್ ಮೆಣಸಿನಕಾಯಿ ಬಂತು. ರುದ್ರೇಶಿ ಒಂದನ್ನು ಎತ್ತಿ ಹಿಡಿದ. "ಮರ ಹೊರಗಿಂದು ಆದ್ರೆ ಆಗಲಿ. ಇದು ನಮ್ಮದು. ದಾವಣಗೆರೆ ಬ್ರ್ಯಾಂಡ್!"

ಗಿರಿಜಕ್ಕ ನಿಧಾನವಾಗಿ ಟೀ ಕುಡಿದರು. ಅವರು ಹೀಗೆ ನಿಧಾನ ಮಾಡಿದರೆ ಯಾರಿಗೋ ಕಾದಿದೆ ಅಂತಲೇ ಅರ್ಥ.

"ಮೆಣಸಿನಕಾಯಿ ಅಮೆರಿಕದ್ದಪ್ಪ. ಪೋರ್ಚುಗೀಸರು ಹಡಗಿನಲ್ಲಿ ತಂದರು. ಅದಕ್ಕೂ ಮುಂಚೆ ನಮ್ಮವರು ಖಾರಕ್ಕೆ ಕರಿಮೆಣಸು ಹಾಕುತ್ತಿದ್ದರು."

"ಸುಳ್ಳು!"

"ಮಂಡಕ್ಕಿಯಲ್ಲಿರೋ ಶೇಂಗಾನೂ ದಕ್ಷಿಣ ಅಮೆರಿಕದ್ದು. ಟೊಮೆಟೊನೂ ಅಲ್ಲಿಯದೇ. ನಮ್ಮ ಜಿಲ್ಲೆಯ ಹೊಲ ತುಂಬಾ ಇರೋ ಮೆಕ್ಕೆಜೋಳ ಮೆಕ್ಸಿಕೊ ಕಡೆಯದು."

ರುದ್ರೇಶಿ ಮೆಣಸಿನಕಾಯಿಯನ್ನು ತಟ್ಟೆಗೆ ಇಳಿಸಿದ. ಬೋಂಡಾ ಹಾಕುತ್ತಿದ್ದವನೂ ಜಾಲರಿ ಎತ್ತಿ ಹಿಡಿದು ಕೇಳುತ್ತಿದ್ದ. ಅವನ ಮುಖ ನೋಡಿ ನನಗೆ ಪಾಪ ಅನ್ನಿಸಿತು.

"ಮಂಡಕ್ಕಿ?" ಅಂದ ರುದ್ರೇಶಿ, ಸಣ್ಣ ದನಿಯಲ್ಲಿ.

"ಅದು ಅಕ್ಕಿ. ನಮ್ಮದೇ. ತಿನ್ನು."

"ಸದ್ಯ!"

"ಆ ಮೂಲೆಯಲ್ಲಿ ಬೋರ್ಡೇ ಇಲ್ಲದೆ ಸೊಂಪಾಗಿ ಬೆಳೆದಿತ್ತಲ್ಲ, ಅದು?" ನಾನು ಕೇಳಿದೆ.

"ಪಾರ್ಥೇನಿಯಂ. ಅದೂ ಅಮೆರಿಕದ್ದೇ. 1950ರ ದಶಕದಲ್ಲಿ ಪುಣೆ ಹತ್ತಿರ ಕಾಣಿಸಿಕೊಂಡು ಆಮೇಲೆ ದೇಶಕ್ಕೆಲ್ಲ ಹರಡಿತು. ಅದಕ್ಕೆ ಬೋರ್ಡೂ ಬೇಡ, ನೀರೂ ಬೇಡ." ಊರಲ್ಲಿ ಅದಕ್ಕೆ ಒಂದು ಪಾರ್ಟಿಯ ಹೆಸರಿದೆ. ರಾಜಕೀಯ ಬೇಡ ಅಂತ ಎಲ್ಲರೂ ಸುಮ್ಮನಾದೆವು.

ವೀರಣ್ಣ ಮಾತ್ರ ಎದ್ದು ಪ್ಯಾಂಟ್ ಜೇಬು ತಡವಿದ. ಬಾಡಿದ ಎರಡು ದಾಸವಾಳ ಹೊರಗೆ ಬಂದವು.

"ಅಯ್ಯೋ ವೀರಣ್ಣಾ, ಅಲ್ಲಿಂದ ಕಿತ್ಕೊಂಡು ಬಂದಿರಾ?" ಗಿರಿಜಕ್ಕ ಹೌಹಾರಿದರು.

ಗೊತ್ತಿರಬೇಕಿತ್ತು. ಬೆಳಿಗ್ಗೆ ವಾಕಿಂಗ್ ಹೊರಟಾಗ ಕ್ಯಾರಿಬ್ಯಾಗು, ಕೊಕ್ಕೆಕೋಲು ಹಿಡಿದು ಕಂಡವರ ಕಾಂಪೌಂಡಿನ ಹೂ ಬಿಡಿಸುವ ಪೈಕಿ ಇವನು.

"ದೇವರಿಗೆ ಅಂತ ಕಿತ್ತರೆ ಅದು ಕಳ್ಳತನ ಅಲ್ಲ ಅಕ್ಕ."

"ಇಟಲಿಯಲ್ಲಿ ಪಾದುವಾ ಅಂತ ಊರಿದೆ. ಅಲ್ಲಿಯ ಯೂನಿವರ್ಸಿಟಿಯವರು 1545ರಲ್ಲಿ ಔಷಧಿ ಗಿಡದ ತೋಟ ಮಾಡಿದರು, ಡಾಕ್ಟರಿಕೆ ಓದುವ ಹುಡುಗರಿಗೆ ಗಿಡದ ಗುರುತು ಸಿಗಲಿ ಅಂತ. ತೋಟ ಇವತ್ತಿಗೂ ಅದೇ ಜಾಗದಲ್ಲಿದೆ. ಶುರುವಾದ ಕೆಲವೇ ವರ್ಷದಲ್ಲಿ ಸುತ್ತಲೂ ಗೋಡೆ ಕಟ್ಟಬೇಕಾಯಿತು. ಯಾಕೆ ಗೊತ್ತಾ? ರಾತ್ರಿ ಬಂದು ಗಿಡ ಕದಿಯೋರ ಕಾಟಕ್ಕೆ."

"ಅವರು ದೇವರಿಗೆ ಅಂತ ಕದ್ದಿರಲಿಕ್ಕಿಲ್ಲ" ಅಂದ ವೀರಣ್ಣ.

"ಆಯ್ತು. ನಮ್ಮನೆ ದೇವರಿಗೂ ತಾಂಬೂಲ ಬೇಕು. ನಾಳೆ ಒಂದು ಚೀಲ ತಗೊಂಡು ನಿಮ್ಮ ಅಡಿಕೆ ತೋಟಕ್ಕೆ ಬರಲಾ?"

ವೀರಣ್ಣ ತಡಬಡಾಯಿಸಿದ. "ಬನ್ನಿ ಅಕ್ಕ, ಅದಕ್ಕೇನಂತೆ... ಆದರೆ ಸುತ್ತಲೂ ಮುಳ್ಳುತಂತಿ ಹಾಕಿಸಿದ್ದೀನಿ."

"ಯಾಕೋ?" ಅಂದ ರುದ್ರೇಶಿ.