ಕೊಲೆ ಮಾಡಿ ಜೈಲು ಸೇರಿದವರಿಗೂ ಓಟು ಬೇಕಾ?

ನೇರಮಾತು (ಪ್ರಶ್ನೆ):
ಸುತ್ತಿ ಬಳಸದೆ ಕೇಳುತ್ತೇನೆ. ಕೊಲೆ, ಅತ್ಯಾಚಾರ, ಭಯೋತ್ಪಾದನೆಯಂಥ ಕೇಸಿನಲ್ಲಿ ತಪ್ಪು ಸಾಬೀತಾಗಿ ಶಿಕ್ಷೆ ಆದವರಿಗೆ ಓಟು ಹಾಕುವ ಹಕ್ಕು ಇರಬೇಕಾ? ಜೇಬುಗಳ್ಳತನದ ಮಾತಲ್ಲ, ಅದನ್ನು ಬಿಡಿ. ನನ್ನ ಪ್ರಕಾರ ಇರಬಾರದು. ಕಾನೂನನ್ನೇ ತುಳಿದವನು ಕಾನೂನು ಮಾಡುವವರನ್ನು ಆರಿಸುವುದು ಯಾವ ಸೀಮೆಯ ನ್ಯಾಯ? ಆದರೆ ಕೆನಡಾದಲ್ಲಿ ಜೀವಾವಧಿ ಕೈದಿ ಕೂಡ ಓಟು ಹಾಕುತ್ತಾನೆ. 2002ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಹಾಗೆ ತೀರ್ಪು ಕೊಟ್ಟಿದೆ, ಒಂಬತ್ತು ಜನ ಜಡ್ಜ್‌ಗಳಲ್ಲಿ ಐದು ಜನ ಆ ಕಡೆ, ನಾಲ್ಕು ಜನ ಈ ಕಡೆ. ಅಂದರೆ ಅಲ್ಲಿನ ಜಡ್ಜ್‌ಗಳೇ ಒಂದೇ ಮಾತಿಗೆ ಬಾರದ ವಿಷಯ ಇದು. ನೀವೇನಂತೀರಿ?

ಕಟಕಟೆ:
ಮೊದಲು ಭಾರತದಲ್ಲಿ ಏನಿದೆ ಹೇಳಿಬಿಡುತ್ತೇನೆ, ತುಂಬಾ ಜನರಿಗೆ ಅದೇ ಗೊತ್ತಿರುವುದಿಲ್ಲ. 1951ರ ಜನಪ್ರಾತಿನಿಧ್ಯ ಕಾಯ್ದೆ, ಸೆಕ್ಷನ್ 62(5). ಜೈಲಿನಲ್ಲಿ ಇರುವವರು ಓಟು ಹಾಕುವಂತಿಲ್ಲ, ಪೊಲೀಸ್ ಕಸ್ಟಡಿಯಲ್ಲಿ ಇರುವವರೂ ಅಷ್ಟೇ. ಅಪರಾಧ ದೊಡ್ಡದಾ ಚಿಕ್ಕದಾ ಅಂತ ಆ ಸೆಕ್ಷನ್ ಕೇಳುವುದೇ ಇಲ್ಲ, ಶಿಕ್ಷೆ ಆಗಿದೆಯಾ ಅಂತಲೂ ಕೇಳುವುದಿಲ್ಲ. ಇಲ್ಲಿನ ಜೈಲುಗಳಲ್ಲಿರುವ ಸುಮಾರು ಮುಕ್ಕಾಲು ಪಾಲು ಜನ ವಿಚಾರಣಾಧೀನ ಕೈದಿಗಳು. ಜಾಮೀನಿಗೆ ಶ್ಯೂರಿಟಿ ಸಿಗದೆ ಒಳಗೇ ಉಳಿದ ಬಡವನಿಗೆ ಓಟಿಲ್ಲ. ಅದೇ ಕೊಲೆ ಕೇಸಿನಲ್ಲಿ ಶಿಕ್ಷೆಯಾಗಿ, ಅಪೀಲು ಹಾಕಿ, ಜಾಮೀನಿನ ಮೇಲೆ ಹೊರಗಿರುವವನು ಆರಾಮಾಗಿ ಕ್ಯೂನಲ್ಲಿ ನಿಂತು, ಬೆರಳಿಗೆ ಶಾಯಿ ಹಾಕಿಸಿಕೊಂಡು ಬರಬಹುದು. ನೀವು ತಡೆಯಬೇಕು ಅನ್ನುತ್ತಿರುವುದು ಯಾರನ್ನು, ಈ ಕಾನೂನು ತಡೆಯುತ್ತಿರುವುದು ಯಾರನ್ನು, ನೋಡಿ.

1997ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಕೈದಿಗಳಿಗೆಲ್ಲ ಓಟಿನ ವ್ಯವಸ್ಥೆ ಮಾಡಿದರೆ ಜಾಸ್ತಿ ಪೊಲೀಸರು, ಜಾಸ್ತಿ ಬಂದೋಬಸ್ತು ಬೇಕಾಗುತ್ತದೆ ಅನ್ನುವುದೂ ಅದು ಕೊಟ್ಟ ಕಾರಣಗಳಲ್ಲಿ ಒಂದು. ತಮಾಷೆ ಅಂದರೆ ಜೈಲಿನಲ್ಲಿದ್ದು ಚುನಾವಣೆಗೆ ನಿಲ್ಲಬಹುದು. ಓಟು ಹಾಕಲು ಆಗದವನು ನಿಲ್ಲುವಂತಿಲ್ಲ ಅಂತ 2013ರಲ್ಲಿ ಕೋರ್ಟ್ ಹೇಳಿತು, ಸಂಸತ್ತು ಅದೇ ವರ್ಷ ತಿದ್ದುಪಡಿ ತಂದು ದಾರಿ ಬಿಡಿಸಿಕೊಂಡಿತು. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾದವರು ನಿಲ್ಲುವಂತಿಲ್ಲ, ಅದು ಬೇರೆ ವಿಷಯ. 2024ರಲ್ಲಿ ಕಾಶ್ಮೀರದ ಬಾರಾಮುಲ್ಲಾದಿಂದ ಲೋಕಸಭೆಗೆ ಗೆದ್ದವರು ಆಗ ತಿಹಾರ್ ಜೈಲಿನಲ್ಲಿದ್ದ ವಿಚಾರಣಾಧೀನ ಕೈದಿ. ಲಕ್ಷಾಂತರ ಓಟು ಪಡೆದವರಿಗೆ ತಮ್ಮದೊಂದು ಓಟು ಹಾಕಲು ಅವಕಾಶ ಇರಲಿಲ್ಲ.

ಮೂರನೇ ಮಹಡಿ:
ಕಾನೂನೆಲ್ಲ ಸರಿ ಸರ್. ನಮ್ಮ ಸೋದರಮಾವನನ್ನು ಆಸ್ತಿ ಜಗಳದಲ್ಲಿ ಕೊಂದರು. ಕೊಂದವನಿಗೆ ಜೀವಾವಧಿ ಆಯಿತು. ಮುಂದಿನ ಚುನಾವಣೆಗೆ ಮತದಾರರ ಪಟ್ಟಿ ಬಂದಾಗ ಅದರಲ್ಲಿ ಮಾವನ ಹೆಸರು ಇನ್ನೂ ಇತ್ತು, ಅತ್ತೆ ಮರಣ ಪ್ರಮಾಣಪತ್ರ ಹಿಡಿದು ಹೋಗಿ ತೆಗೆಸಿದರು. ಅವನ ಹೆಸರೂ ಇತ್ತು, ಅದನ್ನು ಯಾರೂ ತೆಗೆಯಲಿಲ್ಲ. ತೆಗೆಯಬೇಕಾಗಿಲ್ಲವಂತೆ, ಹೊರಗೆ ಬಂದ ದಿನದಿಂದ ಓಟು ಹಾಕಬಹುದಂತೆ. ಸತ್ತವನ ಓಟು ಹೋಯಿತು, ಅದರ ಬಗ್ಗೆ ಯಾರೂ ಲೇಖನ ಬರೆಯುವುದಿಲ್ಲ ಅಲ್ವಾ. ಎಲ್ಲರಿಗೂ ಕೊಂದವನ ಹಕ್ಕಿನದೇ ಚಿಂತೆ. ನಾನು ನೇರಮಾತು ಅವರ ಕಡೆಗೇ.

ಬಿಡುವಿಲ್ಲ:
ಮೇಲಿನವರ ನೋವಿಗೆ ನನ್ನ ಹತ್ತಿರ ಉತ್ತರ ಇಲ್ಲ, ವಾದ ಮಾಡುವುದೂ ಇಲ್ಲ. ನನ್ನ ತಕರಾರು ಪ್ರಶ್ನೆ ಕೇಳಿದವರ ಜೊತೆ. "ಕೊಲೆ, ಅತ್ಯಾಚಾರ, ಭಯೋತ್ಪಾದನೆಯಂಥ ಕೇಸು" ಅಂತ ಸುಲಭವಾಗಿ ಬರೆದುಬಿಟ್ಟಿರಿ. ಯಾವುದು ಗಂಭೀರ ಅಂತ ಪಟ್ಟಿ ಬರೆಯುವವರು ಯಾರು? ಅಧಿಕಾರದಲ್ಲಿ ಇರುವವರು. ತಮಗೆ ಓಟು ಹಾಕದವರನ್ನು ಪಟ್ಟಿಗೆ ಸೇರಿಸುವ ಆಸೆ ಅವರಿಗೆ ಯಾವತ್ತೂ ಇರುತ್ತದೆ.

ಸುಮ್ನೆ ಹೇಳುತ್ತಿಲ್ಲ. ಅಮೆರಿಕದ ಮಿಸ್ಸಿಸ್ಸಿಪ್ಪಿ ರಾಜ್ಯ 1890ರಲ್ಲಿ ಹೊಸ ಸಂವಿಧಾನ ಬರೆದಾಗ, ಯಾವ ಅಪರಾಧಕ್ಕೆ ಓಟು ಹೋಗುತ್ತದೆ ಅಂತ ಪಟ್ಟಿ ಮಾಡಿತು. ಕಳ್ಳತನ ಇತ್ತು, ಬೆಂಕಿ ಹಚ್ಚುವುದು ಇತ್ತು, ಖೋಟಾ ಸಹಿ ಇತ್ತು, ಎರಡನೇ ಮದುವೆ ಕೂಡ ಇತ್ತು. ಕೊಲೆ ಇರಲಿಲ್ಲ, ಅತ್ಯಾಚಾರ ಇರಲಿಲ್ಲ! ಕರಿಯರು ಜಾಸ್ತಿ ಮಾಡುತ್ತಾರೆ ಅಂತ ಬಿಳಿಯರು ನಂಬಿದ್ದ ಅಪರಾಧಗಳನ್ನು ಆರಿಸಿ ಆರಿಸಿ ಹಾಕಿದ್ದರು. ಅಂದರೆ ಹಂದಿ ಕದ್ದವನಿಗೆ ಸಾಯುವ ತನಕ ಓಟಿಲ್ಲ, ಮನುಷ್ಯನನ್ನು ಕೊಂದವನಿಗೆ ಇದೆ. ಕೊಲೆ ಮತ್ತು ಅತ್ಯಾಚಾರ ಆ ಪಟ್ಟಿಗೆ ಸೇರಿದ್ದು 1968ರಲ್ಲಿ.

ಜರ್ಮನಿಯದು ಇನ್ನೊಂದು ರೀತಿ. ಅಲ್ಲಿ ಶಿಕ್ಷೆಯಾದ ಕೂಡಲೇ ಓಟು ಹೋಗುವುದಿಲ್ಲ. ದೇಶದ್ರೋಹ, ಚುನಾವಣಾ ಅಕ್ರಮದಂಥ ಕೆಲವೇ ಅಪರಾಧಗಳಿಗೆ, ಅದೂ ಜಡ್ಜ್ ಬೇಕೆಂದು ಬರೆದರೆ, ಎರಡರಿಂದ ಐದು ವರ್ಷ ಹೋಗುತ್ತದೆ. ಕೊಲೆಗಾರ ಒಳಗಿಂದಲೇ ಓಟು ಹಾಕಬಹುದು, ಓಟನ್ನೇ ಕದ್ದವನಿಗೆ ಇಲ್ಲವಾಗಬಹುದು. ನನಗೆ ಇದೇ ಸರಿ ಕಾಣುತ್ತದೆ. ಓಟು ಕಿತ್ತುಕೊಳ್ಳುವುದು ಶಿಕ್ಷೆ ಅನ್ನುವುದಾದರೆ ಅದನ್ನೂ ಜಡ್ಜೇ ಬಾಯಿಬಿಟ್ಟು ಹೇಳಲಿ, ಕಾರಣ ಬರೆಯಲಿ, ಎಷ್ಟು ವರ್ಷ ಅಂತ ಹೇಳಲಿ, ಅದರ ಮೇಲೆ ಅಪೀಲಿಗೂ ದಾರಿ ಇರಲಿ. ಜೈಲಿನ ಬಾಗಿಲು ದಾಟಿದ್ದಕ್ಕೆ ತಾನಾಗಿ ಉದುರಿಹೋಗುವುದು ಬೇಡ.

ನೇರಮಾತು:
ಮಿಸ್ಸಿಸ್ಸಿಪ್ಪಿ ಕಥೆ ಗೊತ್ತಿರಲಿಲ್ಲ, ಓದಿ ತಲೆ ಬಿಸಿಯಾಯಿತು. ಆದರೆ ಪಟ್ಟಿ ಕೆಟ್ಟದಾಗಿತ್ತು ಅಂತ ಪಟ್ಟಿಯೇ ಬೇಡ ಅಂದರೆ ಹೇಗೆ? ಒಳ್ಳೆ ಪಟ್ಟಿ ಮಾಡಿ. ಕೊಲೆ, ಅತ್ಯಾಚಾರ, ಎರಡೇ ಸಾಕು. ಶಿಕ್ಷೆ ಮುಗಿಸಿ ಬಂದಮೇಲೆ ವಾಪಸ್ ಕೊಡಿ, ನನ್ನದೇನೂ ಅಡ್ಡಿಯಿಲ್ಲ.

ಕಟಕಟೆ:
ಹೆಚ್ಚುಕಮ್ಮಿ ಅದೇ ಎರಡನ್ನು ಫ್ಲೋರಿಡಾ ಹಿಡಿದುಕೊಂಡಿತು, ಆದರೆ ನಿಮಗಿಂತ ಕಟುವಾಗಿ. 2018ರಲ್ಲಿ ಜನರೇ ಓಟು ಹಾಕಿ, ಶಿಕ್ಷೆ ಮುಗಿಸಿದವರಿಗೆ ಹಕ್ಕು ವಾಪಸ್ ಕೊಡಿ ಅಂದರು. ಕೊಲೆ ಮತ್ತು ಗಂಭೀರ ಲೈಂಗಿಕ ಅಪರಾಧ ಮಾಡಿದವರನ್ನು ಹೊರಗಿಟ್ಟರು. ಮರುವರ್ಷ ಅಲ್ಲಿನ ಶಾಸಕರು ಒಂದು ಕೊಕ್ಕೆ ಹಾಕಿದರು: ದಂಡ, ಕೋರ್ಟ್ ಫೀಸು, ಪರಿಹಾರ ಎಲ್ಲ ಕಟ್ಟಿದರೆ ಮಾತ್ರ "ಶಿಕ್ಷೆ ಮುಗಿಯಿತು" ಅಂತ ಲೆಕ್ಕ. ಯಾರು ಎಷ್ಟು ಬಾಕಿ ಕಟ್ಟಬೇಕು ಅಂತ ಒಂದೇ ಕಡೆ ನೋಡಿ ಹೇಳುವ ವ್ಯವಸ್ಥೆಯೂ ಸರ್ಕಾರದ ಹತ್ತಿರ ಇರಲಿಲ್ಲ. ದುಡ್ಡಿದ್ದವನು ಮತದಾರ, ಇಲ್ಲದವನು ಇನ್ನೂ ಅಪರಾಧಿ. ಹಾಗಾಗಿ ವಾಪಸ್ ಕೊಡುವುದು ಯಾವಾಗ, ಯಾರ ಸಹಿಯಿಂದ ಅಂತ ಕಾನೂನಿನಲ್ಲೇ ಬಿಡಿಸಿ ಬರೆಯದಿದ್ದರೆ ನಿಮ್ಮ ಎರಡೇ ಅಪರಾಧದ ಪಟ್ಟಿಗೂ ಇದೇ ಗತಿ.

ಚಹಾಬೇಡ:
ಒಂದು ಸಣ್ಣ ಅನುಮಾನ. ದೊಡ್ಡ ಜೈಲು ಇರುವ ಸಣ್ಣ ಊರಲ್ಲಿ ಕೈದಿಗಳ ಓಟೇ ಗೆಲುವು ಸೋಲು ತೀರ್ಮಾನ ಮಾಡಿಬಿಡುವುದಿಲ್ಲವಾ? ಒಳಗೊಬ್ಬ ದಾದಾ ಇದ್ದರೆ ಕೇಳುವುದೇ ಬೇಡ, ಎಲ್ಲ ಓಟೂ ಅವನು ಹೇಳಿದ ಕಡೆಗೇ.

ಬಿಡುವಿಲ್ಲ:
ಮೊದಲನೆಯದು ಆಗುವುದಿಲ್ಲ. ಅಮೆರಿಕದ ಮೇಯ್ನ್ ಮತ್ತು ವರ್ಮಾಂಟ್ ರಾಜ್ಯಗಳಲ್ಲಿ ಯಾವ ಅಪರಾಧಕ್ಕೂ ಓಟು ಹೋಗುವುದಿಲ್ಲ, ಅಲ್ಲಿ ಕೈದಿ ಜೈಲಿಗೆ ಬರುವ ಮುಂಚೆ ಎಲ್ಲಿದ್ದನೋ ಅಲ್ಲಿಯ ಲೆಕ್ಕಕ್ಕೆ ಅವನ ಓಟು. ಕೆನಡಾದಲ್ಲೂ ಹಾಗೇ. ಭಾರತದಲ್ಲೂ ಇದಕ್ಕೆ ಒಂದು ಮಾದರಿ ಇದೆ. ಮುಂಜಾಗ್ರತಾ ಬಂಧನದಲ್ಲಿ (ಮುಂದೆ ಏನಾದರೂ ಮಾಡಬಹುದು ಅಂತ ಮೊದಲೇ ಹಿಡಿದಿಡುವುದು) ಇರುವವರಿಗೆ 62(5) ಅನ್ವಯಿಸುವುದಿಲ್ಲ, ಅವರು ಅಂಚೆಯಲ್ಲಿ ಓಟು ಹಾಕಬಹುದು. ಯಾರ್ಯಾರು ಎಲ್ಲಿ ಬಂಧನದಲ್ಲಿದ್ದಾರೆ ಅಂತ ಸರ್ಕಾರ ಚುನಾವಣಾಧಿಕಾರಿಗೆ ತಿಳಿಸಬೇಕು, ಮತಪತ್ರ ಒಳಗೆ ಹೋಗುತ್ತದೆ, ಲಕೋಟೆ ಮುಚ್ಚಿ ಅವರ ಸ್ವಂತ ಕ್ಷೇತ್ರಕ್ಕೆ ವಾಪಸ್ ಬರುತ್ತದೆ. ಅಷ್ಟು ಜನರಿಗೆ ಕಳಿಸಲು ಬರುವ ಲಕೋಟೆಯನ್ನು ಉಳಿದವರಿಗೆ ಕಳಿಸಲು ಪೊಲೀಸ್ ಬಲ ಸಾಲದು ಅನ್ನುವುದು ನನಗೆ ಯಾಕೋ ಗಂಟಲಲ್ಲಿ ಇಳಿಯುವುದಿಲ್ಲ.

ದಾದಾ ವಿಷಯ ಮಾತ್ರ ನಿಜವಾದ ತೊಂದರೆ. ಬ್ಯಾರಕ್‌ನಲ್ಲಿ ಪಕ್ಕದವನ ಎದುರು ಗುರುತು ಹಾಕಿದರೆ ಅದು ಗುಪ್ತ ಮತದಾನವೇ ಅಲ್ಲ. ಒಬ್ಬೊಬ್ಬರನ್ನೇ ಬೇರೆ ಕೋಣೆಗೆ ಕರೆಯಬೇಕು, ಜೈಲಿನ ಸಿಬ್ಬಂದಿಯಲ್ಲ, ಚುನಾವಣಾ ಸಿಬ್ಬಂದಿ ಅಲ್ಲಿ ಕೂರಬೇಕು. ಅದಕ್ಕೆ ಖರ್ಚಾಗುತ್ತದೆ, ಹೌದು.

ಮೂರನೇ ಮಹಡಿ:
ವಿಚಾರಣಾಧೀನ ಕೈದಿಗಳಿಗೆ ಆ ಲಕೋಟೆ ಮೊದಲು ಕಳಿಸಿ, ಬೇಡ ಅನ್ನುವುದಿಲ್ಲ. ಅವರ ಮೇಲೆ ತಪ್ಪು ಸಾಬೀತೇ ಆಗಿಲ್ಲ. ನಮ್ಮ ಮಾವನನ್ನು ಕೊಂದವನ ಸರದಿ ಕೊನೆಗೆ ಬರಲಿ, ಅಥವಾ ಬರದೇ ಇರಲಿ.